ಗುಂಡಿ ಹೊಲಿಯುವಷ್ಟು ಹೊತ್ತು

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ, ಮಾಸ್ಟ್ರ ಮನೆಯವರಾದ ನಮ್ಮ ಅತ್ತಿಗೆಯವರೇ, ಅವರ ಪಕ್ಕದಲ್ಲಿರುವ ಮಗಳೇ, ನಮ್ಮ ಹೊಲಿಗೆ ಕಾರ್ಖಾನೆಯ ಯಜಮಾನರೇ, ಕಟಿಂಗ್ ಸೆಕ್ಷನ್ನಿನ, ಮಷೀನ್ ಸೆಕ್ಷನ್ನಿನ, ಇಸ್ತ್ರಿ ಸೆಕ್ಷನ್ನಿನ ಬಂಧುಗಳೇ — ಬಂಧುಗಳು ಅಂತ ಬಾಯಿಮಾತಿಗೆ ಹೇಳುತ್ತಿಲ್ಲ, ಮನೆಯವರ ಮುಖಕ್ಕಿಂತ ನಿಮ್ಮ ಮುಖ ಜಾಸ್ತಿ ನೋಡಿದ್ದೇನೆ — ಮತ್ತು ಪ್ರಿಂಟಿಂಗ್ ಪ್ರೆಸ್ಸಿನಿಂದ, ಬಸ್ ಡಿಪೋದಿಂದ, ಆಸ್ಪತ್ರೆಯ ಲಾಂಡ್ರಿಯಿಂದ ಬಂದಿರುವ ಎದುರು ತಂಡದ ಗೆಳೆಯರೇ. ವರ್ಷಕ್ಕೊಮ್ಮೆ ನಮ್ಮನ್ನು ಸೋಲಿಸಲು ಈ ಮೆಟ್ಟಿಲು ಹತ್ತಿ ಬರುತ್ತಿದ್ದವರು ನೀವು. ಇವತ್ತು ಬರಿಗೈಯಲ್ಲಿ ಬಂದಿದ್ದೀರಿ. ನಿಮಗೆ ವಿಶೇಷ ನಮಸ್ಕಾರ.

ನನ್ನನ್ನು ಮಾತಾಡಲು ಕರೆಯುವಾಗ ಯಜಮಾನರು ಕಿವಿಯಲ್ಲಿ ಹೇಳಿದರು, "ಸ್ವಲ್ಪ ಬೇಗ ಮುಗಿಸಿ" ಅಂತ. ಸ್ವಾಮಿ, ಇಷ್ಟು ವರ್ಷ ಈ ಕಟ್ಟಡದಲ್ಲಿ ಎಲ್ಲರಿಗೂ "ಬೇಗ ಮುಗಿಸಿ, ಬೇಗ ಮುಗಿಸಿ" ಅಂತ ಹೇಳಿಕೊಂಡು ಬಂದವನೇ ನಾನು. ಮಷೀನ್ ಸೆಕ್ಷನ್ನಿನ ಸೂಪರ್‌ವೈಸರ್ ಬೇರೆ ಏನು ಹೇಳಬಲ್ಲ? ಆದರೆ ಇವತ್ತು ನಾವು ಸೇರಿರುವುದು ಮಾಸ್ಟ್ರ ಹೆಸರಿನಲ್ಲಿ. ಇವತ್ತೊಂದು ದಿನ ನನಗೆ ಬೇಗ ಬೇಡ.

ಅವರು ನಮ್ಮ ಕಟಿಂಗ್ ಮಾಸ್ಟರ್. ಇದು ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ — ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸಿ ಕೊಡುವವರೆಗೂ ನಮ್ಮ ಮಷೀನುಗಳೆಲ್ಲ ಬಾಯಿ ಬಿಟ್ಟುಕೊಂಡು ಕೂತಿರಬೇಕು. ನರ್ಸುಗಳ ಅಂಗಿಯಾಗಲಿ, ಸೆಕ್ಯೂರಿಟಿಯವರ ಕೋಟಾಗಲಿ, ಮೊದಲು ಅವರ ಮೇಜಿನ ಮೇಲೆ ಹಾಸಬೇಕು. ಹಾಸಿದ ಮೇಲೆ ಅವರು ಅಳೆಯುತ್ತಿದ್ದರು. ಅಳೆದು, ಗೆರೆ ಹಾಕಿ, ಎರಡು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು — ಹೀಗೆ — ನೋಡುತ್ತಿದ್ದರು. ಮತ್ತೆ ಬಂದು ಅಳೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. "ಮಾಸ್ಟ್ರೇ, ಡೆಲಿವರಿ ಇದೆ." ಅವರು ತಿರುಗಿಯೂ ನೋಡುತ್ತಿರಲಿಲ್ಲ. "ತಾಳಪ್ಪ" ಅನ್ನುತ್ತಿದ್ದರು. ಅಷ್ಟೇ. ಅದಕ್ಕೇ ಇಡೀ ಕಾರ್ಖಾನೆ ಅವರಿಗೆ ತಾಳಪ್ಪ ಅಂತ ಹೆಸರಿಟ್ಟಿತು. ಎದುರಿಗೆ ಮಾಸ್ಟ್ರು, ಹಿಂದಿನಿಂದ ತಾಳಪ್ಪ. ಅವರಿಗೂ ಗೊತ್ತಿತ್ತು. ಹಿಂದಿನಿಂದ ಯಾರಾದರೂ ತಾಳಪ್ಪ ಅಂದರೆ ಮುಂದಿನಿಂದ "ಏನಪ್ಪ" ಅಂತ ಓಗೊಡುತ್ತಿದ್ದರು.

ಇಂಥ ಮನುಷ್ಯ ಪೂಲ್ ಆಟ ಕಲಿತರು — ಕೋಲಿನಿಂದ ಬಿಳಿ ಚೆಂಡು ಹೊಡೆದು, ಅದರಿಂದ ನಂಬರಿನ ಚೆಂಡುಗಳನ್ನು ಟೇಬಲ್ಲಿನ ಕುಳಿಗೆ ಬೀಳಿಸುವ ಆಟ. ಏನು ಹೇಳಲಿ!

ಆ ಗೋಡೆ ಪಕ್ಕ ಬಟ್ಟೆ ಹೊದಿಸಿ ಸರಿಸಿಟ್ಟಿದ್ದೇವಲ್ಲ, ಅದೇ ಟೇಬಲ್ಲು. ಒಂದು ಕಾಲಿನ ಕೆಳಗೆ ರಟ್ಟು ಕೊಟ್ಟಿದ್ದೇವೆ, ಇನ್ನೂ ಸ್ವಲ್ಪ ಓಲಾಡುತ್ತದೆ. ಊಟದ ವಿರಾಮದಲ್ಲಿ ಒಂದು ಆಟ ಮುಗಿದರೆ ಇನ್ನೊಬ್ಬರಿಗೆ ಸರದಿ. ಬೇರೆಯವರು ಆಡಿದರೆ ಮೂರು ಆಟ ಮುಗಿಯುತ್ತಿತ್ತು. ಮಾಸ್ಟ್ರು ಕೋಲು ಹಿಡಿದರೆ ಮುಗಿಯಿತು — ಆಟವಲ್ಲ, ವಿರಾಮ. ಬಗ್ಗುತ್ತಿದ್ದರು. ಏಳುತ್ತಿದ್ದರು. ಟೇಬಲ್ಲಿನ ಆ ಕಡೆ ಹೋಗಿ ಚೆಂಡನ್ನು ಆ ಕಡೆಯಿಂದ ನೋಡಿಕೊಂಡು ಬರುತ್ತಿದ್ದರು, ಯಾವುದೋ ಸಂಬಂಧಕ್ಕೆ ಹುಡುಗಿ ನೋಡಲು ಬಂದವರ ಹಾಗೆ. ಸರದಿಗೆ ಕಾದವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು.

ಆಗ ನಾವೆಲ್ಲ ಸೇರಿ ಒಂದು ನಿಯಮ ಮಾಡಿದೆವು. ದೊಡ್ಡ ಪಂದ್ಯಗಳಲ್ಲಿ ಗಡಿಯಾರ ಇಡುತ್ತಾರೆ, ಇಂತಿಷ್ಟು ಹೊತ್ತಿನಲ್ಲಿ ಹೊಡೆಯಲೇಬೇಕು ಅಂತ. ನಮ್ಮಲ್ಲಿ ಗಡಿಯಾರ ಇಟ್ಟರೆ ನೋಡುವವರು ಯಾರು? ಎಲ್ಲರೂ ಆಟ ನೋಡುತ್ತಿರುತ್ತಾರೆ. ಆದರೆ ಒಬ್ಬರು ಮಾತ್ರ ವಿರಾಮದಲ್ಲೂ ಕೆಲಸ ಬಿಡುತ್ತಿರಲಿಲ್ಲ — ನಮ್ಮ ಗುಂಡಿಯಕ್ಕ. ಅಲ್ಲಿ ಕಿಟಕಿ ಹತ್ತಿರ ಕೂತಿದ್ದಾರೆ, ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅಕ್ಕ, ಅಳಬೇಡಿ, ನಿಮ್ಮ ವಿಷಯ ಹೇಳುತ್ತಿದ್ದೇನೆ, ತಪ್ಪಿದರೆ ತಿದ್ದಿ. ಅಂಗಿಗಳಿಗೆ ಕೈಯಿಂದ ಗುಂಡಿ ಹಾಕುವುದು ಅವರ ಕೆಲಸ. ನಾಲ್ಕು ತೂತಿನ ಗುಂಡಿ. ಆಟಗಾರನ ಸರದಿ ಬಂದ ಕೂಡಲೇ ಅವರು ಸೂಜಿ ಹಾಕಬೇಕು, ನಾಲ್ಕು ತೂತು ತುಂಬಿ, ಹಿಂದೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಬೇಕು. ಟಕ್ ಅಂತ ಹಲ್ಲಿನ ಸದ್ದು ಬಂತೋ, ಸಮಯ ಮುಗಿಯಿತು, ಫೌಲು. ಇಡೀ ಜಗತ್ತಿನಲ್ಲಿ ಹಲ್ಲಿನಿಂದ ಫೌಲ್ ಕೊಡುವ ರೆಫರಿ ಇದ್ದದ್ದು ನಮ್ಮಲ್ಲಿ ಮಾತ್ರ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ.

ನಿಯಮ ಬಂದ ಮೊದಲ ದಿನ. ಮಾಸ್ಟ್ರು ಬಗ್ಗಿದರು. ಎದ್ದರು. ಆ ಕಡೆ ಹೋದರು. ಗುಂಡಿಯಕ್ಕ ಮೂರನೇ ತೂತಿಗೆ ಬಂದಿದ್ದರು. ನನಗೆ ಒಳಗೊಳಗೇ ಖುಷಿ. ಮಾಸ್ಟ್ರು ಬರುತ್ತಾ ಬರುತ್ತಾ ಅಕ್ಕನ ಪಕ್ಕ ನಿಂತರು. ಅಂಗಿ ನೋಡಿದರು. "ಅಕ್ಕಾ, ದಾರ ಸಡಿಲ ಆಗಿದೆಯಲ್ಲ. ಬಿಚ್ಚಿ, ಇನ್ನೊಂದ್ಸಲ ಹಾಕಿ" ಅಂದರು.

ಕಟಿಂಗ್ ಮಾಸ್ಟರ್ ಹೇಳಿದ ಮೇಲೆ ಹೊಲಿಗೆ ಬಿಚ್ಚಲೇಬೇಕು! ಅದು ಕಾರ್ಖಾನೆಯ ಕಾನೂನು. ಅಕ್ಕ ಪಾಪ, ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಮಾಸ್ಟ್ರು ಆರಾಮಾಗಿ ಇನ್ನೊಂದು ಸುತ್ತು ಟೇಬಲ್ಲು ಪ್ರದಕ್ಷಿಣೆ ಮಾಡಿಬಂದರು. ನಾನು ಕೂಗಾಡಿದೆ. ಅನ್ಯಾಯ ಅಂದೆ. "ಬಾ, ನೋಡು, ಸಡಿಲ ಹೌದೋ ಅಲ್ವೋ ನೀನೇ ಹೇಳು" ಅಂದರು. ಹೋಗಿ ನೋಡಿದೆ. ಸಡಿಲ ಇತ್ತು. ಏನು ಮಾಡಲಿ? ಮಾರನೆಯ ದಿನ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದೆವು — ಆಟ ನಡೆಯುವಾಗ ಮಾಸ್ಟ್ರು ಹೊಲಿಗೆಯ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಅವರು ಒಪ್ಪಿದರು. ತುಟಿ ಬಿಚ್ಚಲಿಲ್ಲ. ಅಕ್ಕನ ಅಂಗಿಯನ್ನು ನೋಡಿ ಹುಬ್ಬು ಮಾತ್ರ ಏರಿಸುತ್ತಿದ್ದರು. ಅಕ್ಕ ತಾವಾಗಿಯೇ ಬಿಚ್ಚುತ್ತಿದ್ದರು.

ನಗಿ, ನಗಿ. ಅವರಿದ್ದಿದ್ದರೆ ಅವರೂ ನಗುತ್ತಿದ್ದರು. ಸ್ವಲ್ಪ ತಡವಾಗಿ.

ಈ ಜಗಳ ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆಯಿತು. ಪ್ರತಿವರ್ಷ ಟಿವಿಯಲ್ಲಿ ಆ ದೊಡ್ಡ ಪಂದ್ಯಾವಳಿ ಬಂದಾಗ ಜಗಳಕ್ಕೂ ಹೊಸ ಎಣ್ಣೆ. ವಾರವಿಡೀ ಕ್ಯಾಂಟೀನಿನಲ್ಲಿ ಅದೇ ಚರ್ಚೆ. ಅಲ್ಲಿಯ ನಿಯಮ ಗೊತ್ತಲ್ಲ — ಒಂದು ಹೊಡೆತಕ್ಕೆ ಮೂವತ್ತು ಸೆಕೆಂಡು. ಒಂದು ಆಟಕ್ಕೆ ಒಂದೇ ಒಂದು ಸಲ, ಬೇಕಾದರೆ ಇನ್ನೊಂದು ಮೂವತ್ತು ಕೇಳಿ ಪಡೆಯಬಹುದು. ಅದೂ ಮೀರಿದರೆ ಫೌಲು. ಬಿಳಿ ಚೆಂಡು ಎದುರಾಳಿಯ ಕೈಗೆ, ಅವನು ಇಷ್ಟ ಬಂದಲ್ಲಿ ಇಟ್ಟುಕೊಂಡು ಹೊಡೆಯಬಹುದು.

ನಾನು ಹೇಳುತ್ತಿದ್ದೆ, "ಮಾಸ್ಟ್ರೇ, ಗಡಿಯಾರ ಇಲ್ಲದಿದ್ರೆ ಅದು ಆಟ ಅಲ್ಲ, ಸೋಮಾರಿ ಕಟ್ಟೆ. ಎದುರಿಗೆ ಕೂತವನ ಕೈ ತಣ್ಣಗಾಗುತ್ತೆ, ನೋಡೋರಿಗೆ ಆಕಳಿಕೆ ಬರುತ್ತೆ. ಬೇಕಂತಲೇ ಸತಾಯಿಸಿ ಎದುರಾಳಿ ತಲೆ ಕೆಡಿಸೋರೂ ಇದ್ದಾರೆ."

ಅವರು ಹೇಳುತ್ತಿದ್ದರು, "ಕತ್ತರಿ ಹಾಕೋವರೆಗೂ ಅದು ಬಟ್ಟೆ ಕಣಯ್ಯಾ. ಹಾಕಿದ ಮೇಲೆ ಚೂರು. ಚೂರು ಮಾಡೋಕೆ ಯಾಕೆ ಅವಸರ ಪಡಿಸ್ತೀಯ?"

"ಬಟ್ಟೆ ಕಾಯುತ್ತೆ, ಮನುಷ್ಯ ಕಾಯಲ್ಲ."

"ಕಾಯ್ತಾನೆ. ನೀನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕಾದಿಲ್ವಾ?"

ಈ ಮಾತಿಗೆ ನಾನು ದನಿ ಏರಿಸುತ್ತಿದ್ದೆ. ನಿಮಗೆಲ್ಲ ಗೊತ್ತಿರುವುದೇ.

ಈಗ — ಈಚಿನ ಮಾತಿಗೆ ಬರುತ್ತೇನೆ. ಇದನ್ನು ಹೇಳಬಹುದಾ ಅಂತ ಅತ್ತಿಗೆಯನ್ನು ಕೇಳಿಯೇ ಬಂದಿದ್ದೇನೆ. "ಹೇಳಿ, ಆದ್ರೆ ಅದೊಂದು ಹೇಳ್ಬೇಡಿ" ಅಂದಿದ್ದಾರೆ. ಆ ಅದೊಂದು ಏನು ಅಂತ ನಿಮಗೆಲ್ಲ ಗೊತ್ತು.

ಈ ವರ್ಷ ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಮಾಸ್ಟ್ರು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದರು. ಕಾಯಿಲೆ ಏನೆಂದು ಅವರಿಗೆ ಗೊತ್ತಿತ್ತು, ಎಷ್ಟು ದೂರ ಬಂದಿದೆ ಅಂತಲೂ ಗೊತ್ತಿತ್ತು. ನಾನು ಸಂಜೆ ಅವರ ಮನೆಗೆ ಹೋಗಿ ಜೊತೆಯಲ್ಲಿ ಕೂತು ನೋಡುತ್ತಿದ್ದೆ. ಅವರ ಪಕ್ಷ ಕನ್ನಡಕದವನ ಕಡೆ — ನಾವು ಹಾಗೇ ಕರೆಯುತ್ತಿದ್ದೆವು — ವಯಸ್ಸಾದ ಆಟಗಾರ, ನಿಧಾನ ಅಂದರೆ ನಿಧಾನ. ನನ್ನದು ಎಡಗೈಯವನ ಕಡೆ. ಬಂದ, ನೋಡಿದ, ಹೊಡೆದ, ಹೋಗಿ ಕೂತ. ಸೆಮಿಫೈನಲ್ಲಿನಲ್ಲಿ ಕನ್ನಡಕದವನು ಒಂದು ಸುಲಭದ ಚೆಂಡಿಗೆ ಬಗ್ಗಿ, ಎದ್ದು, ಕನ್ನಡಕ ತೆಗೆದು ಒರೆಸುತ್ತಾ ನಿಂತ. ಸಮಯ ಮುಗಿದೇ ಹೋಯಿತು. ಫೌಲು. ಮಾಸ್ಟ್ರು ಹಾಸಿಗೆಯಲ್ಲೇ ಎದ್ದು ಕೂತುಬಿಟ್ಟರು. "ಕನ್ನಡಕ ಒರೆಸೋದೂ ತಪ್ಪಾ? ಮಂಜಾಗಿದ್ರೆ ಏನು ಮಾಡ್ಬೇಕು ಮನುಷ್ಯ?" ನಾನು, "ಒರೆಸ್ಕೊಂಡು ಬರ್ಬೇಕಿತ್ತು!" ಇಬ್ಬರ ದನಿಯೂ ಬೀದಿಗೆ ಕೇಳಿಸಿರಬೇಕು. ಅತ್ತಿಗೆ ಬಂದು ಟಿವಿ ಆರಿಸಿದರು. "ಇಬ್ಬರಿಗೂ ಫೌಲು" ಅಂದರು.

ಆದರೂ ಕನ್ನಡಕದವನು ಗೆದ್ದು ಫೈನಲ್ಲಿಗೆ ಬಂದ. ಎದುರಿಗೆ ನಮ್ಮ ಎಡಗೈಯವನು. ಇದಕ್ಕಿಂತ ಏನು ಬೇಕು?

ಫೈನಲ್ ದಿನ ಮಾಸ್ಟ್ರು ಆಸ್ಪತ್ರೆಯಲ್ಲಿದ್ದರು.

ನಾವೆಲ್ಲ ಇದೇ ಹಾಲಿನಲ್ಲಿ ಕೂತು ನೋಡಿದೆವು. ಅವರು ಆಸ್ಪತ್ರೆಯಿಂದ ಹೇಳಿ ಕಳಿಸಿದರು, "ಯಾರೂ ನನಗೆ ಹೇಳಬೇಡಿ. ನಾನು ಮನೆಗೆ ಬಂದು ನೋಡ್ತೀನಿ." ಮಗಳು ಆ ಪಂದ್ಯದ ವಿಡಿಯೋ ಹುಡುಕಿ ಮನೆಯ ಟಿವಿಗೆ ಹಾಕಿಕೊಟ್ಟಳು, ಕಣ್ಣು ಅರ್ಧ ಮುಚ್ಚಿಕೊಂಡು, ಅಪ್ಪಿತಪ್ಪಿ ಕೊನೆ ಕಾಣಿಸೀತು ಅಂತ.

ನಾನು ಅಂದುಕೊಂಡೆ, ಒಂದು ಮಧ್ಯಾಹ್ನದ ಕೆಲಸ, ನೋಡಿ ಮುಗಿಸುತ್ತಾರೆ. ಯಾರ ಬಗ್ಗೆ ಅಂದುಕೊಂಡೆ ನೋಡಿ! ತಾಳಪ್ಪನ ಬಗ್ಗೆ!

ಅವರು ಮಾಡಿದ್ದೇನು ಅಂತ ಹೇಳುತ್ತೇನೆ. ಹಾಸಿಗೆಯ ಮೇಲೆ ಊಟದ ತಟ್ಟೆ ಇಡುವ ಹಲಗೆ ಇತ್ತಲ್ಲ, ಅದಕ್ಕೆ ಆಸ್ಪತ್ರೆ ಯೂನಿಫಾರ್ಮಿನ ಹಸಿರು ಬಟ್ಟೆಯ ತುಂಡು ಹೊದಿಸಿಕೊಂಡರು. ಚೆಂಡುಗಳ ಬದಲು ಗುಂಡಿಗಳು. ಗುಂಡಿಯಕ್ಕನೇ ಬಣ್ಣ ಬಣ್ಣದ್ದು ಆರಿಸಿ ಕಳಿಸಿದ್ದರು. ಬಿಳಿ ಚೆಂಡಿಗೆ ಅಂಗಿಯ ಬಿಳಿ ಗುಂಡಿ. ಗೆಲುವಿನ ಒಂಬತ್ತನೇ ಚೆಂಡಿಗೆ ಸೆಕ್ಯೂರಿಟಿಯವರ ಕೋಟಿನ ಹಿತ್ತಾಳೆ ಗುಂಡಿ. ಅತ್ತಿಗೆ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ರಿಮೋಟು ಹಿಡಿದು ಕೂರಬೇಕು. ಟಿವಿಯಲ್ಲಿ ಆಟಗಾರ ಹೊಡೆಯಲು ಬಗ್ಗುವ ಮೊದಲು ಮಾಸ್ಟ್ರು ಒಂದು ಬೆರಳು ಎತ್ತುತ್ತಿದ್ದರು. ಅತ್ತಿಗೆ ನಿಲ್ಲಿಸುತ್ತಿದ್ದರು. ಟಿವಿಯಲ್ಲಿ ಚೆಂಡುಗಳಿದ್ದ ಹಾಗೇ ಹಲಗೆಯ ಮೇಲೆ ಗುಂಡಿ ಜೋಡಿಸಿ, ತಾನಾಗಿದ್ದರೆ ಎಲ್ಲಿಗೆ ಹೊಡೆಯುತ್ತಿದ್ದೆ ಅಂತ ಯೋಚಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಆಮೇಲೆ "ಸರಿ" ಅನ್ನುತ್ತಿದ್ದರು. ಸರಿ ಅಂದ ಮೇಲೆ ಅತ್ತಿಗೆ ಮುಂದೆ ಓಡಿಸಬೇಕು. ಟಿವಿಯವನೂ ಅದೇ ಗೆರೆಯಲ್ಲಿ ಹೊಡೆದರೆ ಮಾಸ್ಟ್ರು ಅತ್ತಿಗೆಯ ಕಡೆ ತಿರುಗಿ ನೋಡುತ್ತಿದ್ದರು. ಬೇರೆ ಕಡೆ ಹೊಡೆದರೆ, "ಅವನಿಗೇ ಗೊತ್ತು" ಅಂತ ಅಂಗೈಯಿಂದ ಗೆರೆ ಅಳಿಸುತ್ತಿದ್ದರು.

ಹೀಗೆ ದಿನಕ್ಕೊಂದು ಆಟ. ಕೆಲವು ದಿನ ಅರ್ಧ. ಅಲ್ಲಿ ಹದಿಮೂರು ಆಟ ಮೊದಲು ಗೆದ್ದವನಿಗೆ ಬಹುಮಾನದ ಕಪ್ಪು.

ಇತ್ತ ನಮ್ಮ ಪಾಡು ಕೇಳಿ. ಇಡೀ ಕಾರ್ಖಾನೆಗೆ ಫಲಿತಾಂಶ ಗೊತ್ತು, ಮಾಸ್ಟ್ರಿಗೆ ಗೊತ್ತಾಗಬಾರದು. ನೋಡಲು ಹೋಗುವವರಿಗೆಲ್ಲ ಬಸ್ ಸ್ಟಾಪಿನಲ್ಲೇ ನಾನು ಪಾಠ ಹೇಳಿಕೊಡುತ್ತಿದ್ದೆ. ಎಡಗೈ ಅನ್ನಬೇಡಿ, ಕನ್ನಡಕ ಅನ್ನಬೇಡಿ, ಕಪ್ಪು ಅನ್ನಬೇಡಿ. ಚಹಾ ಕುಡಿಯುವಾಗಲೂ ಹುಷಾರು, ಕಪ್ಪು ಅನ್ನಬೇಡಿ, ಲೋಟ ಅನ್ನಿ. ಆದರೂ ನಮ್ಮ ಇಸ್ತ್ರಿಯವರು ಹೋಗಿ ಕೂತು ಎರಡು ನಿಮಿಷಕ್ಕೆ "ಪಾಪ, ಅವನು..." ಅಂತ ಶುರುಮಾಡಿಬಿಟ್ಟರು. ನಾನು ಕಣ್ಣು ಕೆಂಪಗೆ ಮಾಡಿದೆ. ಅವರಿಗೆ ಕೆಮ್ಮು ಬಂತು ನೋಡಿ, ಅಂಥ ಕೆಮ್ಮು ರೋಗಿಗೂ ಬಂದಿರಲಿಲ್ಲ. ಅತ್ತಿಗೆ ನೀರು ತಂದುಕೊಟ್ಟರು. ಮಾಸ್ಟ್ರು ತಣ್ಣಗೆ ಹೇಳಿದರು, "ಇರಲಿ ಬಿಡಿ. ಇಬ್ಬರು ಆಡಿದ ಮೇಲೆ ಒಬ್ಬ ಪಾಪ ಆಗಲೇಬೇಕಲ್ಲ." ಮನೆಗೆ ಬರುತ್ತಿದ್ದ ಡಾಕ್ಟರಿಗೂ ಅತ್ತಿಗೆ ಬಾಗಿಲಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಆ ಪುಣ್ಯಾತ್ಮರು ನಾಡಿ ಹಿಡಿದುಕೊಂಡೇ, "ಎಷ್ಟಾಯ್ತು ಸ್ಕೋರು?" ಅಂತ ಕೇಳುತ್ತಿದ್ದರು. ಜ್ವರ ಎಷ್ಟು ಅಂತ ಆಮೇಲೆ.

ಒಂದು ದಿನ ನಾನು ಹೋದಾಗ ಟಿವಿ ನಿಂತಿತ್ತು. ಕನ್ನಡಕದವನು ಟೇಬಲ್ಲಿನ ಹತ್ತಿರ ಯೋಚಿಸುತ್ತಾ ನಿಂತಿದ್ದ. ಮಾಸ್ಟ್ರು ಗುಂಡಿಗಳನ್ನು ನೋಡುತ್ತಿರಲಿಲ್ಲ. ಟಿವಿಯ ಮೂಲೆ ನೋಡುತ್ತಿದ್ದರು. "ಬಾ ಇಲ್ಲಿ. ಅಲ್ಲಿ ನೋಡು" ಅಂದರು. ನೋಡಿದೆ. ಮೂಲೆಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಎಡಗೈಯವನು. ಕೋಲನ್ನು ಎರಡು ಮಂಡಿಗಳ ನಡುವೆ ಹಿಡಿದು, ಬಾಯಿ ಒಣಗಿ, ಎದುರಾಳಿಯ ಬೆನ್ನನ್ನೇ ನೋಡುತ್ತಾ ಕೂತಿದ್ದಾನೆ.

"ಇಷ್ಟು ವರ್ಷ ಆಟ ನೋಡ್ದೆ," ಅಂದರು ಮಾಸ್ಟ್ರು, "ಕೂತಿರೋನ ಮುಖ ನೋಡೇ ಇರ್ಲಿಲ್ಲ ಕಣಯ್ಯಾ. ಅವನಿಗೂ ಹೊತ್ತು ಹೋಗ್ತಾ ಇರುತ್ತಲ್ಲ. ಅದನ್ನ ಯಾರು ಲೆಕ್ಕ ಹಿಡೀತಾರೆ?"

ಆಮೇಲೆ ಅತ್ತಿಗೆ ಕಡೆ ನೋಡಿದರು. ಅತ್ತಿಗೆ ಕುರ್ಚಿಯಲ್ಲಿ, ರಿಮೋಟು ಮಡಿಲಲ್ಲಿ, ಹಾಗೇ ಕಣ್ಣು ಹತ್ತಿ ಕೂತಿದ್ದರು.

"ಗಡಿಯಾರ ಬೇಕು," ಅಂದರು ಮಾಸ್ಟ್ರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಗೆದ್ದೆ ಅಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ, "ತಾಳಪ್ಪ, ಮುಗೀಲಿಲ್ಲ" ಅಂದರು. "ಗಡಿಯಾರ ಇರ್ಲಿ. ಆದ್ರೆ ಆ ಹೆಚ್ಚಿನ ಸಮಯ ಇದೆಯಲ್ಲ, ಅದನ್ನ ರೆಫರಿ ಕೊಡೋದಲ್ಲ. ಕುರ್ಚಿಯಲ್ಲಿ ಕೂತಿರೋನು ಕೊಡ್ಬೇಕು. ಅವನು 'ಇರಲಿ, ತಗೋ' ಅಂದ್ರೆ ತಗೋಬೇಕು. ಅನ್ನದಿದ್ರೆ ಹೊಡೀಬೇಕು."

ನಾನು ಹೇಳಿದೆ, "ಮಾಸ್ಟ್ರೇ, ಎದುರಾಳಿ ಯಾಕೆ ಕೊಡ್ತಾನೆ? ಅವನಿಗೇನು ಹುಚ್ಚಾ?"

"ಕೇಳಿ ನೋಡಿದ್ರೆ ತಾನೇ ಗೊತ್ತಾಗೋದು" ಅಂದರು.

ಅದರ ಮೇಲೆ ನಾನು ವಾದ ಮಾಡಿದೆ. ಈಗಲೂ ನನಗೆ ಅದು ದೊಡ್ಡ ಪಂದ್ಯಗಳಲ್ಲಿ ನಡೆಯುವ ನಿಯಮ ಅಂತ ಅನ್ನಿಸುವುದಿಲ್ಲ. ಕಪ್ಪು ಎದುರಿಗಿರುವಾಗ ಯಾರೂ ಧರ್ಮರಾಯರಾಗುವುದಿಲ್ಲ. ಇದನ್ನು ಅವರ ಫೋಟೋದ ಮುಂದೆಯೇ ಹೇಳುತ್ತಿದ್ದೇನೆ, ಅವರು ಬೇಕಾದರೆ ಹುಬ್ಬು ಏರಿಸಿಕೊಳ್ಳಲಿ.

ಕೊನೆಗೆ ಹನ್ನೆರಡು - ಹನ್ನೆರಡು ಆಯಿತು. ಇನ್ನು ಒಂದೇ ಆಟ. ಆ ಹೊತ್ತಿಗೆ ಮಾಸ್ಟ್ರಿಗೆ ಕೈ ಎತ್ತುವುದೂ ಕಷ್ಟ. ದಿನಕ್ಕೊಂದು ಆಟ ಹೋಗಿ ದಿನಕ್ಕೊಂದು ಹೊಡೆತಕ್ಕೆ ಬಂದಿತ್ತು. ಜೋಡಿಸುವಾಗ ಬೆರಳಿನಿಂದ ಗುಂಡಿ ಜಾರುತ್ತಿತ್ತು. ಅತ್ತಿಗೆ ಸಹಾಯಕ್ಕೆ ಕೈ ಚಾಚಿದರೆ ಬೇಡ ಅನ್ನುತ್ತಿದ್ದರು.

ಆಗ ಒಂದು ಸಂಜೆ ಅತ್ತಿಗೆ ನನ್ನನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿದರು. "ನೀವೇ ಹೇಳಿಬಿಡಿ ಅವರಿಗೆ," ಅಂದರು. "ಯಾರು ಗೆದ್ರು ಅಂತ ತಿಳ್ಕೊಳ್ಳದೇ ಹೋಗಿಬಿಟ್ರೆ ನನ್ನಿಂದ ತಡ್ಕೊಳ್ಳೋಕಾಗಲ್ಲ. ನನಗೆ ಬೇಡ. ನೀವು ಹೇಳುವಾಗ ನಾನು ಹೊರಗಡೆ ಇರ್ತೀನಿ. ಅವರೊಬ್ಬರಿಗೆ ಹೇಳಿ."

ನನಗೂ ಹೇಳಬೇಕು ಅಂತಲೇ ಇತ್ತು. ಸುಳ್ಳು ಯಾಕೆ, ನಾನು ಅವಸರದ ಮನುಷ್ಯ. ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಎಷ್ಟು ದಿನ ತಿರುಗಿದ್ದೆ. ಒಳಗೆ ಹೋದೆ. ಮಾಸ್ಟ್ರು ನನ್ನ ಮುಖ ನೋಡಿದರು.

"ಹೇಳೋಕೆ ಬಂದ್ಯಾ?"

"ಹೂಂ."

"ಅವಳು ಕಳಿಸಿದ್ಲಾ?"

"ಹೂಂ."

ನಕ್ಕರು. ನಗುವುದಕ್ಕೂ ಉಸಿರು ಬೇಕಲ್ಲ, ಸ್ವಲ್ಪವೇ ನಕ್ಕರು. "ತಾಳಪ್ಪ," ಅಂದರು. "ನೀನು ಹೇಳಿದ್ರೆ ಅದು ಸುದ್ದಿ ಆಗುತ್ತೆ. ನನಗೆ ಸುದ್ದಿ ಬೇಡ. ನನ್ನ ಸರದಿ ಇರೋವರೆಗೂ ನಾನು ನೋಡ್ತೀನಿ. ಮುಗಿದ್ರೆ ಮುಗೀತು. ಮುಗೀದಿದ್ರೆ..." ಆಮೇಲೆ, "ಅವಳನ್ನ ಕರಿ" ಅಂದರು.

ಅತ್ತಿಗೆ ಬಂದು ಕುರ್ಚಿಯಲ್ಲಿ ಕೂತರು. ಮಾಸ್ಟ್ರು ಕೇಳಿದರು, "ಸಾಕಾಯ್ತಾ ನಿನಗೆ?"

ನಾನು ಆ ಕೋಣೆಯಲ್ಲಿ ಇರಬಾರದಿತ್ತು ಅಂತ ಅನ್ನಿಸಿತು. ಆದರೆ ಇದ್ದೆ. ಅತ್ತಿಗೆ ಹಲಗೆಯ ಮೇಲಿದ್ದ ಗುಂಡಿಗಳನ್ನು ನೋಡಿದರು. ಮಾಸ್ಟ್ರ ಕೈ ನೋಡಿದರು. ರಿಮೋಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಇರಲಿ, ತಗೊಳ್ಳಿ" ಅಂದರು.

(ಕ್ಷಮಿಸಿ. ಒಂದು ಗುಟುಕು ನೀರು.)

— ಹೇಳಿದೆನಲ್ಲ, ಎದುರಾಳಿ ಯಾಕೆ ಸಮಯ ಕೊಡುತ್ತಾನೆ ಅಂತ ನಾನು ವಾದ ಮಾಡಿದ್ದೆ. ಆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ವಾದ ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ. ಅವರು ಪೂಲ್ ಟೇಬಲ್ಲಿನ ಎದುರಾಳಿಯ ಬಗ್ಗೆ ಮಾತ್ರ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಪಕ್ಕದಲ್ಲಿ ಕಾಯುತ್ತಾ ಕೂತವರೆಲ್ಲರ ಬಗ್ಗೆ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ಹಲ್ಲು ಕಡಿದವನಿಗೂ ಅದು ಸೇರುತ್ತದೆ ಅಂತ ಈಗ ಅನ್ನಿಸುತ್ತದೆ.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕೊನೆಯ ಬೆಳಿಗ್ಗೆ ಟಿವಿಯಲ್ಲಿ ಮೂರು ಚೆಂಡು ಉಳಿದಿದ್ದವು — ಏಳು, ಎಂಟು, ಒಂಬತ್ತು. ಕನ್ನಡಕದವನ ಸರದಿ. ಹೆಚ್ಚಿನ ಸಮಯವನ್ನೂ ಅವನು ಕೇಳಿ ಪಡೆದಾಗಿತ್ತು, ಅದರಲ್ಲೂ ಏಳು ಸೆಕೆಂಡು ಮಾತ್ರ ಬಾಕಿ ಅಂತ ಟಿವಿಯ ಗಡಿಯಾರ ತೋರಿಸುತ್ತಿತ್ತು. ಮಾಸ್ಟ್ರು ಬೆರಳು ಎತ್ತಿದರು. ಅತ್ತಿಗೆ ನಿಲ್ಲಿಸಿದರು. ಅವರು ಗುಂಡಿಗಳನ್ನು ಜೋಡಿಸಿದರು. ಬಹಳ ಹೊತ್ತು ನೋಡಿದರು. ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಗೆರೆ ಎಳೆದರು. ಗುಂಡಿ ಜಾರಿಸಿಕೊಳ್ಳುತ್ತಿದ್ದ ಮನುಷ್ಯ — ಗೆರೆ ಮಾತ್ರ ಒಂದೆಳೆಯೂ ಆಚೀಚೆ ಹೋಗಿಲ್ಲ. ದಿಂಬಿಗೆ ಒರಗಿ ಆ ಗೆರೆಯನ್ನೇ ನೋಡುತ್ತಾ, "ತಾಳು, ಇನ್ನೊಂದ್ಸಲ ನೋಡ್ತೀನಿ" ಅಂದರು. ನೋಡುತ್ತಲೇ ನಿದ್ದೆ ಹೋದರು. ಆ ನಿದ್ದೆಯಿಂದ ಏಳಲಿಲ್ಲ.

"ಸರಿ" ಅಂದಿರಲಿಲ್ಲ. ಅದಕ್ಕೇ ಅತ್ತಿಗೆ ಇವತ್ತಿನವರೆಗೂ ಆ ವಿಡಿಯೋ ಮುಂದೆ ಓಡಿಸಿಲ್ಲ.

ಆ ಹಲಗೆಯನ್ನು ಅತ್ತಿಗೆ ಇವತ್ತು ತಂದಿದ್ದಾರೆ. ಫೋಟೋದ ಮುಂದೆ ಇಟ್ಟಿದ್ದೇವೆ, ನೀವೆಲ್ಲ ಬರುವಾಗ ನೋಡಿದ್ದೀರಿ. ಗುಂಡಿಗಳು ಜಾರದಿರಲಿ ಅಂತ ಗುಂಡಿಯಕ್ಕ ಒಂದೊಂದನ್ನೂ ಇದ್ದಲ್ಲೇ ಎರಡೆರಡು ಹೊಲಿಗೆ ಹಾಕಿ ನಿಲ್ಲಿಸಿದ್ದಾರೆ. ದಾರ ಬಿಗಿಯಾಗಿದೆ ಅಕ್ಕ. ನಾನು ನೋಡಿದೆ.

ಆ ಗೆರೆಯನ್ನೂ ನೋಡಿದೆ. ಕನ್ನಡಕದವನು ಆ ಏಳು ಸೆಕೆಂಡಿನಲ್ಲಿ ಏನು ಮಾಡಿದ ಅಂತಲೂ ನೋಡಿದ್ದೇನೆ. ಎರಡನ್ನೂ ನೋಡಿದವರು ಈ ಹಾಲಿನ ತುಂಬ ಇದ್ದೀರಿ. ಮಾಸ್ಟ್ರ ಗೆರೆ ಸರಿಯಾಗಿತ್ತೋ ಇಲ್ಲವೋ ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರು ಈ ಸಭೆಯಲ್ಲಿ ಇಬ್ಬರೇ, ಅತ್ತಿಗೆ ಮತ್ತು ಮಗಳು. ಅತ್ತಿಗೆ ಹೇಳಿದ್ದಾರೆ, "ಧೈರ್ಯ ಬಂದ ದಿನ ನಾನೇ ಆ ಕುರ್ಚಿಯಲ್ಲಿ ಕೂತು ನೋಡ್ತೀನಿ. ಅವರು ಗೆದ್ರಾ ಅಂತ ನಾನೇ ನೋಡ್ಬೇಕು." ಅದಕ್ಕೇ ಎಲ್ಲರಲ್ಲೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಅವರನ್ನು ಮಾತಾಡಿಸಿ, ಸಮಾಧಾನ ಹೇಳಿ. ಮುಖ ಮಾತ್ರ ಬಿಗಿಯಾಗಿ ಇಟ್ಟುಕೊಳ್ಳಿ. ಇಸ್ತ್ರಿಯವರೇ, ನಿಮಗೆ ಎರಡು ಸಲ ಹೇಳುತ್ತಿದ್ದೇನೆ.

ಇನ್ನೊಂದು ಮಾತು, ಎದುರು ತಂಡದವರಿಗೆ. ಮುಂದಿನ ಪಂದ್ಯದಿಂದ ಈ ಟೇಬಲ್ಲಿನ ಮೇಲೆ ಮಾಸ್ಟ್ರ ನಿಯಮ ನಡೆಯುತ್ತದೆ. ಮೊದಲ ಗುಂಡಿ ಎಲ್ಲರಿಗೂ ಇದ್ದದ್ದೇ. ಎರಡನೇ ಗುಂಡಿಗೆ ಗುಂಡಿಯಕ್ಕ ಸೂಜಿ ಹಾಕಬೇಕಾದರೆ ಕುರ್ಚಿಯಲ್ಲಿ ಕೂತವರು "ಇರಲಿ" ಅನ್ನಬೇಕು. ಪ್ರೆಸ್ಸಿನವರು ಯಾವತ್ತೂ ಅನ್ನುವುದಿಲ್ಲ ಅಂತ ನನಗೆ ಗೊತ್ತು. ಕೇಳಿ ನೋಡುತ್ತೇವೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ವಯಸ್ಸಾದವರು ಕೂತೇ ಇರಬಹುದು. ಇಂಥ ಸಭೆಗಳಲ್ಲಿ ಮೌನಕ್ಕೆ ಒಂದು ನಿಮಿಷ, ಎರಡು ನಿಮಿಷ ಅಂತ ಯಾರಾದರೂ ಗಡಿಯಾರ ನೋಡುತ್ತಾರೆ. ಸಾಮಾನ್ಯವಾಗಿ ಅದು ನಾನೇ. ಇವತ್ತು ನನ್ನ ಗಡಿಯಾರ ಬಿಚ್ಚಿ ಇಲ್ಲಿ ಮೇಜಿನ ಮೇಲೆ ಮಗುಚಿ ಇಡುತ್ತಿದ್ದೇನೆ. ಗುಂಡಿಯಕ್ಕ, ಸೂಜಿ ಕೆಳಗಿಡಿ. ಅತ್ತಿಗೆ "ಸರಿ" ಅಂದಾಗ ಕೂರೋಣ. ಅಲ್ಲಿಯವರೆಗೂ ನಾವು ಕಾಯುವವರು.

ಅತ್ತಿಗೆ, ಅವಸರ ಇಲ್ಲ.

ಇರಲಿ, ತಗೊಳ್ಳಿ.